ಮೊದಲ ಟೀ, ಎಂಟು ಗಂಟೆ ಹತ್ತು ನಿಮಿಷ

ಗಾಲ್ಫ್ ಮೈದಾನದಲ್ಲಿ ಮೈಕು ಹಿಡಿದ ಮೊದಲ ದಿನವೇ ನಾನು ಒಬ್ಬ ಆಟಗಾರ್ತಿಯನ್ನು ಒಂದನೇ ಪ್ಲಾಟ್‌ಫಾರ್ಮಿನಿಂದ ಹೊರಡಿಸಿಬಿಟ್ಟೆ.

ಹೈದರಾಬಾದಿನ ಹೊರವಲಯದಲ್ಲಿ, ದೊಡ್ಡ ದೊಡ್ಡ ಬಂಡೆಗಳ ನಡುವೆ ಹೊಸದಾಗಿ ಮಾಡಿದ ಗಾಲ್ಫ್ ಮೈದಾನ ಅದು. ವೃತ್ತಿಪರ ಆಟಗಾರ್ತಿಯರ ಟೂರ್ನಮೆಂಟುಗಳ ಮೊದಲ ಸೀಸನ್ ಅಂದು ಶುರುವಾಗಬೇಕಿತ್ತು. ಬಣ್ಣಬಣ್ಣದ ಟೋಪಿಯ ಹುಡುಗಿಯರು, ಕೈಯಲ್ಲಿ ಕಾಫಿ ಹಿಡಿದ ಸಾಫ್ಟ್‌ವೇರ್ ಕಂಪನಿಯ ಸಾಹೇಬರು, ನಾಲ್ಕೈದು ಕ್ಯಾಮೆರಾಗಳು. ನಾನು ಇಳಕಲ್ ಸೀರೆಯ ಕೆಳಗೆ ಹಿಂದಿನ ದಿನವಷ್ಟೇ ಸುಲ್ತಾನ್ ಬಜಾರಿನಲ್ಲಿ ಕೊಂಡ ಬಿಳಿ ಕ್ಯಾನ್ವಾಸ್ ಬೂಟು ಹಾಕಿಕೊಂಡು ಮೈಕಿನ ಮುಂದೆ ನಿಂತಿದ್ದೆ. ನನ್ನ ಕೆಲಸ ಇಷ್ಟೇ: ಆಟಗಾರ್ತಿ ಮೊದಲ ಏಟು ಹೊಡೆಯುವ ಜಾಗಕ್ಕೆ ಟೀ ಎನ್ನುತ್ತಾರೆ, ಅಲ್ಲಿ ಅವಳ ಹೆಸರು, ಊರು ಹೇಳಿ, ಗಡಿಯಾರ ನೋಡಿ, ಬಿಟ್ಟುಕೊಡುವುದು. ನಾಲ್ಕು ದಿನ ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿದ್ದೆ. ಆದರೆ ಮೈಕಿನ ಗುಂಡಿ ಒತ್ತಿದ ಕೂಡಲೇ ನನ್ನ ಗಂಟಲು ತನಗೆ ಗೊತ್ತಿದ್ದ ದಾರಿಯನ್ನೇ ಹಿಡಿಯಿತು.

"ಪ್ರಯಾಣಿಕರು ದಯವಿಟ್ಟು ಗಮನಿಸಿ! ಮುಂಬೈಯ ಕುಮಾರಿ ಶೆನಾಜ್ ಎಂಟು ಗಂಟೆ ಹತ್ತು ನಿಮಿಷಕ್ಕೆ ಒಂದನೇ ಪ್ಲಾಟ್‌ಫಾರ್ಮಿನಿಂದ ಹೊರಡಲು ಸಿದ್ಧರಾಗಿದ್ದಾರೆ!"

ಅದೂ ತೆಲುಗಿನಲ್ಲಿ ಒಮ್ಮೆ, ಹಿಂದಿಯಲ್ಲಿ ಒಮ್ಮೆ. ಇಂಗ್ಲಿಷಿಗೆ ಬರುವಷ್ಟರಲ್ಲಿ ನನ್ನ ತಪ್ಪು ನನಗೇ ಹೊಳೆದು ಬಾಯಿ ಮುಚ್ಚಿಕೊಂಡೆ. ಕೋಲೆತ್ತಿದ್ದ ಶೆನಾಜ್ ಅದನ್ನು ಹಾಗೇ ಕೆಳಗಿಳಿಸಿ ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. ಹಿಂದೆ ಸಾಲಾಗಿ ನಿಂತಿದ್ದ ಹುಡುಗಿಯರಲ್ಲಿ ಯಾರೋ ಬಾಯಲ್ಲೇ ಇಂಜಿನ್ನಿನ ಸೀಟಿ ಹೊಡೆದರು.

ಈಗ ಕ್ರೀಡಾಕೂಟ ನಡೆಸುವುದನ್ನೂ ಕಾಲೇಜಿನಲ್ಲಿ ಹೇಳಿಕೊಡುತ್ತಾರಂತೆ. ಅಲ್ಲಿ ಓದಿ ಈ ಕೆಲಸಕ್ಕೆ ಬರುವ ಮಕ್ಕಳು ನನ್ನನ್ನು ಕಂಡಾಗ, "ಮೇಡಂ, ನೀವು ಇದಕ್ಕೆ ಹೇಗೆ ಬಂದಿರಿ?" ಎಂದು ಕೇಳುತ್ತಾರೆ. ಓದಿ ಬಂದವಳಲ್ಲ. ನಾನು ಕಾಚಿಗೂಡ ಸ್ಟೇಷನ್ನಿನಲ್ಲಿ ಗುತ್ತಿಗೆಯ ಮೇಲೆ ಗಾಡಿಗಳ ಹೆಸರು ಕೂಗುತ್ತಿದ್ದವಳು. ಕಲಬುರಗಿಯಿಂದ ಮದುವೆಯಾಗಿ ತಾರ್ನಾಕಕ್ಕೆ ಬಂದೆ. ಯಜಮಾನರಿಗೆ ರಕ್ಷಣಾ ಕಾರ್ಖಾನೆಯಲ್ಲಿ ಕೆಲಸ. ಊರಿನ ಆ ತುದಿಯಲ್ಲಿ ದಿನಕ್ಕೊಂದು ಗಾಜಿನ ಕಟ್ಟಡ ಏಳುತ್ತಿದ್ದ ಕಾಲ. ಕಂಪ್ಯೂಟರು ಎಲ್ಲ ಕಡೆ ಬಂದ ಹಾಗೆ ಸ್ಟೇಷನ್ನಿಗೂ ಬಂತು. ಎಂದೂ ಕೆಮ್ಮದ, ಎಂದೂ ರಜೆ ಕೇಳದ ಒಂದು ದನಿಯನ್ನು ಅದರೊಳಗೆ ತುಂಬಿಸಿದರು. ನಾನು ಮನೆಗೆ ಬಂದೆ.

ಒಂದು ತಿಂಗಳು ಕಳೆದಿರಬೇಕು. ಮನೆಗೆ ಫೋನ್ ಬಂತು.

"ಸುಶೀಲಾಬಾಯಿ ಅಲ್ಲೇನ್ರಿ? ನಾ ದೇಶಪಾಂಡೆ. ನಿಮ್ಮ ದನಿ ಸದ್ಯ ಖಾಲಿ ಅದನೋ ಏನು ಬ್ಯಾರೆ ಯಾರರೆ ತಗೊಂಡಾರೋ?"

ದೇಶಪಾಂಡೆ ಸರ್ ಧಾರವಾಡದವರು, ರೈಲ್ವೆಯಲ್ಲಿ ಜೀವನಪೂರ್ತಿ ವೇಳಾಪಟ್ಟಿ ಮಾಡಿ ನಿವೃತ್ತರಾದವರು. ಆಫೀಸಿನವರ ಜೊತೆ ವಾರಕ್ಕೊಮ್ಮೆ ಗಾಲ್ಫ್ ಆಡಿ, ಆಟ ಬಾರದಿದ್ದರೂ ಅದರ ನಿಯಮದ ಪುಸ್ತಕವನ್ನು ಪೂರ್ತಿ ಬಾಯಿಪಾಠ ಮಾಡಿದ್ದರು. ಹೊಸ ಟೂರ್ನಮೆಂಟುಗಳಿಗೆ ಅವರನ್ನೇ ನಿರ್ದೇಶಕರನ್ನಾಗಿ ಮಾಡಿದ್ದರು.

"ಸರ್, ನನಗ ಗಾಲ್ಫ್ ಅಂದ್ರ ಏನಂತ ಗೊತ್ತಿಲ್ರಿ," ಎಂದೆ.

"ಭಾಳ ಛಲೋ ಆತು. ಗೊತ್ತಿದ್ದವರು ನನ್ನ ಕೂಡ ವಾದ ಮಾಡ್ತಾರ. ನಾಳೆ ಮೊದಲ ಟೀಗೆ ಬರ್ರಿ, ಕಲಿಸ್ತೀನಿ."

ಮೊದಲ ಟೀ ಎಂದರೆ ಬೆಳಗಿನ ಚಹಾ ಎಂದುಕೊಂಡು, ಬರಿಗೈಯಲ್ಲಿ ಹೋಗುವುದು ಹೇಗೆಂದು ಒಂದು ಪೊಟ್ಟಣ ಉಸ್ಮಾನಿಯಾ ಬಿಸ್ಕತ್ತು ಕಟ್ಟಿಸಿಕೊಂಡೇ ಹೋಗಿದ್ದೆ.

ಸರ್‌ಗೆ ಗಾಲ್ಫ್ ಮೈದಾನವೂ ಒಂದು ರೈಲ್ವೆ ವಿಭಾಗವೇ. ಮೂವರು ಮೂವರಾಗಿ ಹೊರಡುವ ಆಟಗಾರ್ತಿಯರ ಗುಂಪುಗಳು ಗಾಡಿಗಳು. ಹದಿನೆಂಟು ಕುಳಿಗಳು ಸ್ಟೇಷನ್ನುಗಳು. ಮುಂದಿನ ಗುಂಪು ನಿಧಾನವಾದರೆ ವಾಕಿಟಾಕಿಯಲ್ಲಿ, "ಎಂಟು ಹತ್ತರ ಗಾಡಿ ಏಳನೇ ಕುಳಿಯಾಗ ಯಾಕ ನಿಂತದ? ಸಿಗ್ನಲ್ ಬಿದ್ದಿಲ್ಲೇನು?" ಎಂದು ಗದರುತ್ತಿದ್ದರು. ಆಟದ ಬಗ್ಗೆ ಅವರು ನನಗೆ ಕಲಿಸಿದ್ದು ಎರಡೇ ಮಾತು. ಒಂದು, ಯಾರು ಕಡಿಮೆ ಏಟಿನಲ್ಲಿ ಎಲ್ಲ ಕುಳಿಗಳಿಗೂ ಚೆಂಡು ಹಾಕುತ್ತಾರೋ ಅವರು ಗೆದ್ದ ಹಾಗೆ. ಎರಡು, ಟೀಗೆ ಐದು ನಿಮಿಷದೊಳಗೆ ತಡವಾಗಿ ಬಂದರೆ ಎರಡು ಏಟಿನ ದಂಡ. ಐದು ನಿಮಿಷ ದಾಟಿದರೆ ಆಟದಿಂದಲೇ ಹೊರಗೆ.

"ನಿಮ್ಮ ಕೈಯಾಗಿನ ಗಡಿಯಾರನ ಸುಪ್ರೀಂ ಕೋರ್ಟ್, ಬಾಯಿ," ಎಂದರು. ನಾನು ಆ ದಿನವೇ ಗಡಿಯಾರಕ್ಕೆ ಹೊಸ ಸೆಲ್ ಹಾಕಿಸಿದೆ.

ಒಂದನೇ ಮಾತು ಎಲ್ಲರಿಗೂ ಗೊತ್ತಿರುತ್ತದೆ ಎಂದು ನಾನು ತಿಳಿದಿದ್ದೆ. ಆ ಟೂರ್ನಮೆಂಟಿಗೆ ದುಡ್ಡು ಹಾಕಿದ್ದ ಸಾಫ್ಟ್‌ವೇರ್ ಕಂಪನಿಯವರು ಸ್ಕೋರು ಬರೆಯುವ ಸೀಮೆಸುಣ್ಣದ ಫಲಕವನ್ನು ತೆಗೆಸಿ, ಒಂದು ಗೋಡೆಯಷ್ಟು ದೊಡ್ಡ ಪರದೆ ನಿಲ್ಲಿಸಿದರು. ಸ್ಕೋರು ಹಾಕಿದ ತಕ್ಷಣ ಹೆಸರುಗಳು ತಾವಾಗಿಯೇ ಮೇಲೆ ಕೆಳಗೆ ಸರಿದು ಜಾಗ ಹಿಡಿಯುತ್ತಿದ್ದವು. ಜನ ಆಟ ಬಿಟ್ಟು ಅದನ್ನೇ ನೋಡುತ್ತ ನಿಂತರು. ಮಧ್ಯಾಹ್ನದ ಹೊತ್ತಿಗೆ ಎಲ್ಲರಿಗಿಂತ ಮೇಲೆ ನಾಗಪುರದ ಒಂದು ಹುಡುಗಿಯ ಹೆಸರು ಹೊಳೆಯುತ್ತಿತ್ತು. ಅವಳ ತಾಯಿ ಆನಂದಬಾಷ್ಪ ಸುರಿಸುತ್ತ ಊರಿನಿಂದ ತಂದ ಪೇಡೆಯ ಡಬ್ಬಿ ಹಿಡಿದು ನನಗೂ ಒಂದು ಕೊಟ್ಟರು, ಕ್ಯಾಮೆರಾದವರಿಗೂ ಕೊಟ್ಟರು. ನಾನು ಪೇಡೆ ಬಾಯಿಗಿಟ್ಟುಕೊಂಡಾಗಲೇ ಆ ಹುಡುಗಿ ಕಣ್ಣು ಕೆಂಪಗೆ ಮಾಡಿಕೊಂಡು ಬಂದಳು.

"ಅಮ್ಮಾ, ಏನು ಮಾಡ್ತಿದ್ದೀಯ? ನಾನು ಎಲ್ಲರಿಗಿಂತ ಕೊನೆಗಿದ್ದೇನೆ!"

ಪ್ರೋಗ್ರಾಂ ಬರೆದ ಹುಡುಗರು ಕ್ರಿಕೆಟ್ಟು ನೋಡಿ ಬೆಳೆದವರು. ಹೆಚ್ಚು ಸ್ಕೋರು ಮಾಡಿದವರನ್ನು ಮೇಲೆ ಹಾಕಿಬಿಟ್ಟಿದ್ದರು. ಸರ್ ಪರದೆಯ ಮೇಲೆ ಒಂದು ಜಮಖಾನ ಹೊದಿಸಿ, ಸೀಮೆಸುಣ್ಣ ತರಿಸಿದರು. ಮಕ್ಕಳೇ, ಹೊಸ ಯಂತ್ರ ಬಂದಾಗ ಅದನ್ನು ಮಾಡಿದವರಿಗೆ ನಿಮ್ಮ ಕೆಲಸ ಗೊತ್ತಿದೆಯೇ ಎಂದು ಮೊದಲು ಕೇಳಿ. ನಾನು ಅಂದಿನಿಂದ ಕೇಳುತ್ತಲೇ ಬಂದೆ. ಆ ಹುಡುಗರೇನೂ ದಡ್ಡರಲ್ಲ, ಮರುದಿನವೇ ಸರಿಮಾಡಿದರು.

ಅದೇ ಟೂರ್ನಮೆಂಟಿನಲ್ಲಿ ನಾನು ಮಾಡಿದ ಎರಡನೆಯ ಅನಾಹುತವನ್ನೂ ಹೇಳಿಬಿಡುತ್ತೇನೆ. ಕಂಪನಿಯ ದೊಡ್ಡ ಸಾಹೇಬರು ಹಳದಿ, ನೇರಳೆ ಚೌಕುಳಿಯ ಪ್ಯಾಂಟು ಹಾಕಿಕೊಂಡು ಬಂದಿದ್ದರು. ನಾನು ಹೆಸರು ಕೂಗಿ ಮುಗಿಸಿ ಪಕ್ಕದಲ್ಲಿದ್ದ ಸರ್ ಕಡೆ ಬಾಗಿ, "ಸರ್, ಆ ಸಾಹೇಬ್ರ ಪ್ಯಾಂಟ್ ನೋಡ್ರಿ. ಗಾದಿ ಕವರ್ ಹೊಲಿಸಿ ಉಳದ ಬಟ್ಟಿ ಇದ್ದಂಗ ಐತಿ," ಎಂದೆ. ಮೈಕು ಬಂದ್ ಮಾಡಿರಲಿಲ್ಲ. ನನ್ನ ಮಾತು ಹದಿನೆಂಟು ಕುಳಿಗಳ ತುಂಬ, ಬಂಡೆಗಳಿಗೆ ಬಡಿದು ಎರಡೆರಡು ಸಲ ಕೇಳಿಸಿತು.

ಸಾಹೇಬರು ನನ್ನ ಕಡೆ ತಿರುಗಿ ಕೈ ಮುಗಿದು ನಕ್ಕರು; ಅವರ ಬಗ್ಗೆ ಏನೋ ಒಳ್ಳೆಯದು ಹೇಳಿದೆ ಎಂದುಕೊಂಡರು. ಸರ್ ಬಿಟ್ಟರೆ ಅಲ್ಲಿದ್ದ ಯಾರಿಗೂ ಕನ್ನಡ ಬರದು. ಜೀವ ಬಂತು ಎನ್ನುವಷ್ಟರಲ್ಲಿ ಒಂಬತ್ತನೆಯ ಕುಳಿಯ ಕಡೆಯಿಂದ ಒಂದು ನಗು ಕೇಳಿಸಿತು. ಎಂಥ ನಗು! ತಡೆದರೆ ನಿಲ್ಲದು, ನಿಂತರೆ ಮತ್ತೆ ಏಳುವುದು. ಅಲ್ಲಿ ಹುಲ್ಲಿನಲ್ಲಿ ಕೂತು ಕಳೆ ತೆಗೆಯುತ್ತಿದ್ದ ಹೆಂಗಸರ ಸಾಲಿನಲ್ಲಿ ಒಬ್ಬಳು ಕುಡುಗೋಲು ಬಿಟ್ಟು ನೆಲಕ್ಕೆ ಕೈಯೂರಿ ನಗುತ್ತಿದ್ದಳು.

ಸಂಜೆ ಹುಡುಕಿಕೊಂಡು ಹೋದೆ. ಹೆಸರು ಭೀಮವ್ವ, ಯಾದಗಿರಿ ಕಡೆಯವಳು, ನನ್ನಷ್ಟೇ ವಯಸ್ಸು.

"ಅಕ್ಕಾರ, ನೀವು ಅಂದದ್ದು ಖರೇನ ಐತ್ರಿ," ಎಂದಳು, ಇನ್ನೂ ಕಣ್ಣೊರೆಸಿಕೊಳ್ಳುತ್ತ. "ನಾ ಮುಂಜಾನಿಂದ ನೋಡಾಕತ್ತೀನಿ. ಆದ್ರ ಹೇಳಾಕ ಧೈರ್ಯ ಇರಲಿಲ್ರಿ."

ಭೀಮವ್ವ ಗಂಡನ ಜೊತೆ ಗಾಜಿನ ಕಟ್ಟಡಗಳ ಕೂಲಿಗೆಂದು ಬಂದವಳು. ಆಮೇಲೆ ಈ ಮೈದಾನ ಮಾಡುವಾಗ ಮಣ್ಣು ಹೊರಲು ಸೇರಿದಳು. ಕುಳಿಗಳಿರುವ ನುಣುಪು ಹುಲ್ಲಿನ ಜಾಗ, ಅದನ್ನು ಗ್ರೀನ್ ಎನ್ನುತ್ತಾರೆ, ಅದರ ಒಂದೊಂದು ಏರಿಗೂ ಇಳುಕಲಿಗೂ ಪುಟ್ಟಿಯಲ್ಲಿ ಮಣ್ಣು ಹೊತ್ತು ಸುರಿದವಳು. ಈಗ ಅದರ ಮೇಲಿನ ಕಳೆ ತೆಗೆಯುತ್ತಿದ್ದಳು. ಒಂದು ಮುಂಜಾನೆಯೂ ಬಿಡದೆ ಅದೇ ಹುಲ್ಲು, ಅದೇ ನೆಲ.

ಸೀಸನ್ ಮುಂದೆ ಊರೂರು ತಿರುಗಿತು. ಪುಣೆಯಲ್ಲಿ ನನಗೆ ರೂಬಿ ಗಂಟುಬಿದ್ದಳು. ಮೀರತ್ ಕಡೆಯ ಹುಡುಗಿ, ಇಪ್ಪತ್ತೆರಡರ ಪ್ರಾಯ. ಏಟು ಹೊಡೆದರೆ ಚೆಂಡು ಹಕ್ಕಿಯಂತೆ ಹೋಗುತ್ತಿತ್ತು. ಆದರೆ ಹಾಸಿಗೆಯಿಂದ ಏಳಿಸಲು ಆನೆ ಬೇಕು. ಅವಳ ಗಾಲ್ಫ್ ಚೀಲದ ಪಕ್ಕದ ಜೇಬಿನಲ್ಲಿ ಬ್ಯಾಂಕ್ ಪರೀಕ್ಷೆಯ ದಪ್ಪ ಗೈಡೊಂದು ಇರುತ್ತಿತ್ತು. ಈ ಸೀಸನ್ನಿನಲ್ಲಿ ಒಂದಾದರೂ ಗೆಲ್ಲು, ಇಲ್ಲವಾದರೆ ಬಂದು ಪರೀಕ್ಷೆಗೆ ಕೂರು ಎಂದು ತಂದೆ ಹೇಳಿದ್ದರಂತೆ.

ಪುಣೆಯ ಕೊನೆಯ ದಿನ ಅವಳ ಸಮಯ ಒಂಬತ್ತು ಇಪ್ಪತ್ತು. ಒಂಬತ್ತು ಇಪ್ಪತ್ತೆರಡಕ್ಕೆ, ಒಂದು ಬೂಟು ಕಾಲಿಗೆ, ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಓಡಿ ಬಂದಳು.

"ಆಂಟಿ, ಎರಡೇ ನಿಮಿಷ!" ಎಂದು ಹಿಂದಿಯಲ್ಲಿ ಗೋಗರೆದಳು. ಅವಳ ಮಾತೆಲ್ಲ ಹಿಂದಿಯೇ. ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

ನನ್ನ ಕೈ ತಡೆಯಿತು. ಸರ್ ಹಿಂದಿನಿಂದ, "ಹೋದ ಗಾಡಿಗೆ ಟಿಕೆಟ್ ತೋರಿಸಿದ್ರ ಅದು ತಿರುಗಿ ಬರ್ತದೇನ್ರಿ, ಬಾಯಿ?" ಎಂದರು. ನಾನು ಎರಡು ಏಟಿನ ದಂಡ ಬರೆದೆ. ಆ ದಿನ ರೂಬಿ ಸೋತದ್ದು ಒಂದೇ ಏಟಿನಿಂದ. ಸಂಜೆ ಅವಳ ಮುಖ ನೋಡಲಾರದೆ ನಾನು ಡೇರೆಯಲ್ಲಿ ಕಾಗದ ಜೋಡಿಸುತ್ತ ಕೂತಿದ್ದಾಗ ಅವಳೇ ಬಂದು ಎದುರಿಗೆ ಕೂತಳು.

"ಆಂಟಿ, ಇನ್ನು ಮೇಲೆ ನನ್ನನ್ನು ನೀವೇ ಎಬ್ಬಿಸಬೇಕು."

"ಒಬ್ಬಳನ್ನ ಎಬ್ಬಿಸಿದ್ರೆ ಪಕ್ಷಪಾತ ಆಗ್ತದೆ," ಎಂದೆ ನಾನು ನನಗೆ ಬರುವ ಹಿಂದಿಯಲ್ಲಿ.

"ಹಾಗಾದರೆ ಎಲ್ಲರನ್ನೂ ಎಬ್ಬಿಸಿ!"

ಅದನ್ನೇ ಮಾಡಿದೆ. ಮುಂದಿನ ಊರಿನಿಂದ ದಿನಾ ಬೆಳಿಗ್ಗೆ ಅತಿಥಿಗೃಹದ ಓಣಿಯಲ್ಲಿ ನಿಂತು, ಸ್ಟೇಷನ್ನಿನ ದನಿ ಪೂರ್ತಿ ಬಿಚ್ಚಿ ಪ್ರಯಾಣಿಕರ ಗಮನ ಸೆಳೆಯುತ್ತಿದ್ದೆ. ಬಾಗಿಲುಗಳಿಂದ ದಿಂಬುಗಳು ಹಾರಿ ಬರುತ್ತಿದ್ದವು. ಮೊದಲ ದಿನ ದೇಶಪಾಂಡೆ ಸರ್ ನಿದ್ದೆಗಣ್ಣಿನಲ್ಲಿ, ಕೈಯಲ್ಲಿ ಸೂಟ್‌ಕೇಸ್ ಹಿಡಿದು, ಪಂಚೆಯಲ್ಲೇ ಹೊರಗೆ ಬಂದಿದ್ದರು. ಆ ಸೀಸನ್ನಿನಲ್ಲಿ ಮತ್ತೆ ಯಾರೂ ಟೀಗೆ ತಡವಾಗಲಿಲ್ಲ.

ಕೊನೆಯ ಟೂರ್ನಮೆಂಟಿಗೆ ಹೈದರಾಬಾದಿಗೆ ವಾಪಸು ಬಂದೆವು. ಮೂರು ದಿನದ ಆಟ. ಗೆದ್ದವರಿಗೆ ಥಾಯ್ಲೆಂಡಿನಲ್ಲಿ ಆಡುವ ಅವಕಾಶ. ರೂಬಿ ಇನ್ನೂ ಒಂದೂ ಗೆದ್ದಿರಲಿಲ್ಲ. ಮೊದಲ ದಿನ ಸಮಯಕ್ಕೆ ಅರ್ಧ ಗಂಟೆ ಮುಂಚೆ ಬಂದವಳ ಜೊತೆ ಕ್ಯಾಡಿ ಇರಲಿಲ್ಲ. ಕ್ಯಾಡಿ ಎಂದರೆ ಚೀಲ ಹೊತ್ತು, ನೆಲ ನೋಡಿ, ಆಟಗಾರ್ತಿಗೆ ಸಲಹೆ ಕೊಡುವವನು. ಅವಳ ಕ್ಯಾಡಿಗೆ ಹಿಂದಿನ ದಿನವೇ ಕಾಲ್ ಸೆಂಟರಿನ ಕಾರು ಓಡಿಸುವ ಕೆಲಸ ಸಿಕ್ಕಿ, ಹೊರಟುಹೋಗಿದ್ದ. ಉಳಿದ ಕ್ಯಾಡಿಗಳೆಲ್ಲ ಬೇರೆಯವರ ಜೊತೆ ಗೊತ್ತಾಗಿದ್ದರು.

ರೂಬಿ ಚೀಲದ ಮೇಲೆ ಕೂತು ಉಗುರು ಕಚ್ಚತೊಡಗಿದಳು. ನಾನು ಸುತ್ತ ನೋಡಿದೆ. ದೂರದಲ್ಲಿ ಭೀಮವ್ವ ಕುಡುಗೋಲು ಹಿಡಿದು ಹೋಗುತ್ತಿದ್ದಳು.

"ಸರ್, ಕ್ಯಾಡಿ ಗಂಡಸನ ಆಗಬೇಕಂತ ಪುಸ್ತಕದಾಗ ಐತೇನ್ರಿ?"

ಸರ್ ಪುಸ್ತಕ ತೆಗೆಯಲೂ ಇಲ್ಲ. "ಇಲ್ಲ. ಮನುಷ್ಯಾ ಆದ್ರ ಸಾಕು."

ಕ್ಯಾಡಿಗಳ ಮೇಲ್ವಿಚಾರಕ, ಹೆಂಗಸರು ಇಲ್ಲಿ ಎಂದೂ ಚೀಲ ಹೊತ್ತಿಲ್ಲ ಎಂದು ಗೊಣಗಿದ. ಭೀಮವ್ವ ಒಂದು ಕೈಯಲ್ಲಿ ಚೀಲ ಎತ್ತಿ ನೋಡಿ, "ಇದು ಮಣ್ಣಿನ ಪುಟ್ಟಿಗಿಂತ ಹಗರ ಐತಲ್ರಿ!" ಎಂದಳು. ಸೆರಗಿನಿಂದ ಸಿಂಬಿ ಸುತ್ತಿ, ಚೀಲವನ್ನು ಅಡ್ಡಡ್ಡ ತಲೆಯ ಮೇಲಿಟ್ಟುಕೊಂಡು ನಡೆದೇಬಿಟ್ಟಳು. ಕ್ಯಾಮೆರಾಗಳೆಲ್ಲ ಅವಳ ಹಿಂದೆ ಓಡಿದವು. ನಾನು ಅವಳಿಗೆ ಮೂರು ಮಾತು ಹೇಳಿ ಕಳಿಸಿದ್ದೆ: ಆಟಗಾರ್ತಿ ಹೊಡೆಯುವಾಗ ಅಲುಗಾಡಬೇಡ, ಮಾತಾಡಬೇಡ, ಚೆಂಡು ಮುಟ್ಟಬೇಡ.

ಒಬ್ಬಳ ಮಾತು ಒಬ್ಬಳಿಗೆ ತಿಳಿಯದು. ಆದರೂ ಎರಡನೆಯ ಗ್ರೀನ್ ಹೊತ್ತಿಗೆ ಹೊಂದಿಕೊಂಡರು. ಚೆಂಡನ್ನು ಯಾವ ಕಡೆ ಉರುಳಿಸಬೇಕೆಂದು ರೂಬಿ ಲೆಕ್ಕ ಹಾಕುತ್ತಿದ್ದಾಗ ಭೀಮವ್ವ ನೆಲಕ್ಕೆ ಕೂತು, "ಹಿಂಗಲ್ಲವ್ವ, ನೀರು ಹಿಂಗ ಹೋಗತೈತಿ," ಎಂದು ಕೈಯಿಂದ ದಾರಿ ತೋರಿಸಿದಳು. ಚೆಂಡು ನೀರಿನ ದಾರಿಯಲ್ಲೇ ಹೋಗಿ ಕುಳಿಗೆ ಬಿತ್ತು. ಅಲ್ಲಿಂದ ಮುಂದೆ ರೂಬಿಯದು ಒಂದೇ ಪ್ರಶ್ನೆ: "ಭೀಮವ್ವಾ, ನೀರು ಕಿಧರ್?"

ಎರಡನೆಯ ದಿನ ಮುಗಿದಾಗ ಪರದೆಯಲ್ಲಿ ರೂಬಿಯ ಹೆಸರು ಎಲ್ಲಕ್ಕಿಂತ ಮೇಲಿತ್ತು. ಅವಳು ಗಾಬರಿಯಿಂದ ಓಡಿ ಬಂದು, "ಆಂಟಿ, ಯಂತ್ರ ಸರಿಯಾಗಿದೆಯಾ?" ಎಂದು ನನ್ನನ್ನು ಕೇಳಿದಳು.

ಕೊನೆಯ ದಿನ. ಬೆಳಿಗ್ಗೆ ಟೀ ಮೇಲೆ ನಿಲ್ಲುವವಳು ಮಧ್ಯಾಹ್ನ ಸ್ಕೋರಿನ ಡೇರೆಯಲ್ಲಿ ಕೂರಬೇಕು. ಪ್ರತಿ ಕುಳಿಗೆ ಎಷ್ಟು ಏಟು ಎಂದು ಬರೆದ ಕಾರ್ಡನ್ನು ಆಟಗಾರ್ತಿ ಅಲ್ಲಿಯೇ ನೋಡಿ ಸಹಿ ಹಾಕುತ್ತಾಳೆ. ಸಹಿ ಹಾಕಿದ ಮೇಲೆ ಒಂದು ಕುಳಿಗೆ ಕಡಿಮೆ ಏಟು ಬರೆದದ್ದು ಗೊತ್ತಾದರೂ ಅವಳು ಆಟದಿಂದ ಹೊರಗೆ. ಶೆನಾಜ್ ಆಗಲೇ ಮುಗಿಸಿ ಬಂದಿದ್ದಳು. ಮೂರು ದಿನದ ಒಟ್ಟು ಲೆಕ್ಕದಲ್ಲಿ ರೂಬಿ ಅವಳಿಗಿಂತ ಎರಡು ಏಟು ಕಡಿಮೆ ಆಡಿ ಡೇರೆಗೆ ಬಂದಳು. ಗೆದ್ದ ಹಾಗೇ ಆಗಿತ್ತು. ಹೊರಗೆ ಜನ ಚಪ್ಪಾಳೆ ನಿಲ್ಲಿಸಿರಲಿಲ್ಲ. ರೂಬಿ ನಗುತ್ತ ಕಾರ್ಡಿನ ಮೇಲೆ ಪೆನ್ನು ಓಡಿಸಿ ಒಂದೊಂದೇ ಕುಳಿಯ ಲೆಕ್ಕ ನೋಡುತ್ತಿದ್ದಳು.

ಭೀಮವ್ವ ಡೇರೆಯ ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕೂತು ತಂಬಿಗೆಯಿಂದ ನೀರು ಕುಡಿದಳು.

"ಎಲ್ಲಾ ಚಲೋ ನಡೀತೇನು ಭೀಮವ್ವ?" ಎಂದೆ ನಾನು, ಸುಮ್ಮನೆ.

"ಭಾಳ ಚಲೋ ಆತ್ರಿ ಅಕ್ಕಾರ. ಹದಿನೈದನೇದ್ರಾಗ ಒಂದೀಟು ಅಂಜಿಕಿ ಆಗಿತ್ರಿ. ಚೆಂಡು ದಡದಾಗಿನ ಉದ್ದ ಹುಲ್ಲಾಗ ಕುಂತಿತ್ತು, ಅದರ ಹಿಂದ ಒಂದು ಜೇಕಿನ ಕಳೆ. ಆಕಿ ದೂರ ಎಷ್ಟೈತಿ ಅಂತ ಎಣಸಾಕ ಮುಂದ ಹೋಗಿದ್ಲು. ನಾ ಬೇರುಸಮೇತ ಕಿತ್ತು ಒಗದ್ನಿರಿ. ಬಂದು ಎಂಥಾ ಏಟು ಹೊಡದ್ಲು ಅಂತೀರಿ!"

ಸೀಸನ್ ಮುಗಿಯುವಷ್ಟರಲ್ಲಿ ಸರ್ ಅವರ ನಿಯಮದ ಪುಸ್ತಕ ನನಗೂ ಬಾಯಿಗೆ ಬಂದಿತ್ತು. ಚೆಂಡಿನ ಹಿಂದೆ ಬೆಳೆದಿರುವ ಹುಲ್ಲನ್ನು ಕಿತ್ತರೆ ಎರಡು ಏಟಿನ ದಂಡ. ತಪ್ಪು ಕ್ಯಾಡಿಯದಾದರೂ ದಂಡ ಆಟಗಾರ್ತಿಗೆ. ಮುಟ್ಟಬೇಡವೆಂದು ಚೆಂಡಿನ ಬಗ್ಗೆ ಹೇಳಿದ್ದೆ, ಹುಲ್ಲಿನ ಬಗ್ಗೆ ಹೇಳಿರಲಿಲ್ಲ. ದಿನಾ ಮುಂಜಾನೆ ಕಳೆ ಕಂಡಲ್ಲಿ ಕಿತ್ತ ಕೈ ಅದು.

ಡೇರೆಯಲ್ಲಿದ್ದವರು ಐದಾರು ಮಂದಿ. ಅವಳ ಮಾತು ತಿಳಿದದ್ದು ನನಗೊಬ್ಬಳಿಗೆ. ರೂಬಿಗೆ ಗೊತ್ತಿಲ್ಲ, ಶೆನಾಜ್‌ಗೆ ಗೊತ್ತಿಲ್ಲ, ಕ್ಯಾಮೆರಾಗಳು ಆಗ ಬೇರೆ ಕಡೆ ಇದ್ದವು. ನಾನು ಸುಮ್ಮನಿದ್ದರೆ ಎಲ್ಲರೂ ಸಂತೋಷವಾಗಿ ಮನೆಗೆ ಹೋಗುತ್ತಾರೆ. ರೂಬಿಯ ಪೆನ್ನು ಹದಿನೈದು ದಾಟಿ, ಹದಿನಾರು, ಹದಿನೇಳು ಎಂದು ಕೆಳಗಿಳಿಯುತ್ತಿತ್ತು. ಪುಣೆಯಲ್ಲಿ ಒಮ್ಮೆ ಈ ಹುಡುಗಿಯ ಗೆಲುವನ್ನು ಎರಡು ನಿಮಿಷಕ್ಕಾಗಿ ಕಿತ್ತುಕೊಂಡಿದ್ದೇನೆ, ಇನ್ನೊಮ್ಮೆ ನಾನೇ ಏಕೆ ಎಂದು ಒಳಗೆ ಅಳು ಬಂತು. ಅವಳು ಸಹಿಯ ಜಾಗಕ್ಕೆ ಬಂದು ಪೆನ್ನು ಊರಿದಳು.

"ಬೇಡ!" ಎಂದು ಕಿರುಚಿದೆ. ಕಾಚಿಗೂಡದಲ್ಲಿ ಮೈಕು ಕೆಟ್ಟ ದಿನಗಳಲ್ಲೂ ಅಷ್ಟು ಜೋರಾಗಿ ಕೂಗಿರಲಿಲ್ಲ. ರೂಬಿಯ ಕೈಯಿಂದ ಪೆನ್ನು ಬಿತ್ತು.

ಕೂಗು ಕೇಳಿ ದೇಶಪಾಂಡೆ ಸರ್ ಬಂದರು; ಕಳೆಯ ವಿಷಯ ಹೇಳಿದೆ. ಕುರ್ಚಿ ಬಿಟ್ಟು ಭೀಮವ್ವನ ಎದುರಿಗೆ ನೆಲದ ಮೇಲೆಯೇ ಕೂತರು.

"ತಂಗಿ, ಹೆದರಬ್ಯಾಡ. ಕಳೆ ಕಿತ್ತದ್ದು ಆಕಿ ಹೊಡಿಯೋಕಿಂತ ಮೊದಲೋ, ಆಮ್ಯಾಲೋ?"

ಏನೋ ಕೆಟ್ಟಿದೆಯೆಂದು ಅವಳಿಗೆ ಆಗ ತಿಳಿದುಹೋಗಿತ್ತು. 'ಆಮೇಲೆ' ಎಂದು ಒಂದು ಮಾತು ಅಂದಿದ್ದರೆ ಎಲ್ಲ ಮುಗಿಯುತ್ತಿತ್ತು. ಅವಳು ಸರ್ ಮುಖ ನೋಡಿ, ರೂಬಿಯ ಮುಖ ನೋಡಿ, "ಮೊದಲರಿ," ಎಂದಳು. ಸೆರಗಿನಿಂದ ಮುಖ ಮುಚ್ಚಿಕೊಂಡಳು.

ನಾನು ರೂಬಿಗೆ ಎಲ್ಲವನ್ನೂ ಹಿಂದಿಯಲ್ಲಿ ಹೇಳಿದೆ. ಅವಳು ಬಿದ್ದ ಪೆನ್ನು ಎತ್ತಿಕೊಂಡು, ಹದಿನೈದನೆಯ ಕುಳಿಯ ನಾಲ್ಕನ್ನು ಹೊಡೆದು ಆರು ಮಾಡಿ, ಸಹಿ ಹಾಕಿದಳು. "ನೀವು ಒಂದು ನಿಮಿಷ ತಡ ಮಾಡಿದ್ದರೆ ನಾನು ಪೂರ್ತಿ ಹೊರಗೆ ಹೋಗುತ್ತಿದ್ದೆ, ಅಲ್ಲವಾ ಆಂಟಿ?" ಎಂದಳು. ಈ ಕೆಲಸಕ್ಕೆ ಬರುವ ಮಕ್ಕಳೇ, ನಿಮಗೂ ಒಂದು ದಿನ ಇಂಥ ನಿಮಿಷ ಬರುತ್ತದೆ. ಅದಕ್ಕೆ ಯಾವ ತರಬೇತಿಯೂ ಇಲ್ಲ. ಕೂಗಿಬಿಡಿ.

ಈಗ ರೂಬಿ, ಶೆನಾಜ್ ಇಬ್ಬರದೂ ಸಮ. ಹದಿನೆಂಟನೆಯ ಕುಳಿಯನ್ನು ಮತ್ತೆ ಮತ್ತೆ ಆಡಿ, ಯಾರು ಮೊದಲು ಮುಂದಾಗುತ್ತಾರೋ ಅವರು ಗೆದ್ದ ಹಾಗೆ. ಹೊರಗೆ ಬಂದು ನೋಡಿದರೆ ಭೀಮವ್ವ ಸೀರೆಯ ಮೇಲೆ ತೊಟ್ಟಿದ್ದ ಕ್ಯಾಡಿಯ ಬಿಳಿ ಅಂಗಿ ಬಿಚ್ಚಿ ಮಡಚಿಟ್ಟು, ಸಾಮಾನಿನ ಕೋಣೆಯ ಕಡೆ ದಾಪುಗಾಲು ಹಾಕುತ್ತಿದ್ದಳು. ರೂಬಿ ಓಡಿಹೋಗಿ ಅಡ್ಡ ನಿಂತಳು. ನಾನೂ ಸೀರೆ ಎತ್ತಿಕೊಂಡು ಓಡಿದೆ.

"ನಾ ಬರಂಗಿಲ್ರಿ ಅಕ್ಕಾರ, ಆಕಿಗೆ ಹೇಳ್ರಿ. ನನ್ನ ಕೈ ಸುಮ್ಮನಿರಂಗಿಲ್ಲ. ಮತ್ತ ಏನರ ಕೀಳತಾವು."

ಹೇಳಿದೆ. ರೂಬಿ ಯೋಚಿಸಿ, ಭೀಮವ್ವನ ಒಂದು ಕೈಗೆ ಕೊಡೆ ಕೊಟ್ಟಳು, ಇನ್ನೊಂದು ಕೈಗೆ ಚೆಂಡು ಒರೆಸುವ ಟವೆಲ್ಲು ಕೊಟ್ಟಳು. ಚೀಲವನ್ನು ತಾನೇ ತಲೆಯ ಮೇಲೆ ಇಟ್ಟುಕೊಂಡಳು. ಎರಡು ಹೆಜ್ಜೆ ಇಡುವಷ್ಟರಲ್ಲಿ ಚೀಲ ಜಾರಿ, ಕೋಲುಗಳೆಲ್ಲ ಚೆಲ್ಲಾಪಿಲ್ಲಿಯಾದವು. ಭೀಮವ್ವನ ಆ ನಗು, ತಡೆದರೆ ನಿಲ್ಲದ ನಗು, ಅಳುವಿನ ನಡುವೆಯೇ ಎದ್ದುಬಂತು.

ಮೊದಲ ಸಲ ಇಬ್ಬರೂ ಸಮ ಬಂದರು. ಎರಡನೆಯ ಸಲ ಶೆನಾಜ್‌ಳ ಚೆಂಡು ಕುಳಿಯ ಅಂಚು ಸುತ್ತಿ ಹೊರಗೇ ನಿಂತಿತು. ರೂಬಿ ಗೆಲ್ಲಬೇಕಾದರೆ ಹತ್ತು ಹೆಜ್ಜೆ ದೂರದಿಂದ ಉರುಳಿಸಿ ಹಾಕಬೇಕಿತ್ತು. ನೋಡಿದರೆ ನೆಲ ಎಡಕ್ಕೆ ಇಳಿದ ಹಾಗೆ ಕಾಣುತ್ತಿತ್ತು. ಭೀಮವ್ವ ಕೊಡೆಯ ತುದಿಯನ್ನು ಗಾಳಿಯಲ್ಲೇ ಬಲಕ್ಕೆ ತೋರಿಸಿದಳು. ರೂಬಿ ಇಲ್ಲವೆಂದು ತಲೆ ಅಲ್ಲಾಡಿಸಿದಳು. ಭೀಮವ್ವ ನನ್ನ ಕಡೆ ನೋಡಿದಳು. ನಾನು ಆಗ ಬಾಯಿ ಬಿಡುವಂತಿರಲಿಲ್ಲ. ಸಲಹೆ ಕೊಡುವ ಹಕ್ಕು ಕ್ಯಾಡಿಗೆ ಮಾತ್ರ.

"ನೀರು ಬಲಕ್ಕ ಐತವ್ವ," ಎಂದಳು ಭೀಮವ್ವ, ನಿಧಾನವಾಗಿ, ಮಗುವಿಗೆ ಹೇಳುವಂತೆ. "ಕಣ್ಣು ಸುಳ್ಳು ಹೇಳತಾವು. ಇದರ ಬುಡಕ ಪೈಪ ಐತಿ, ನಾನ ಮುಚ್ಚೀನಿ."

ರೂಬಿಗೆ ತಿಳಿದದ್ದು 'ನೀರು' ಒಂದೇ ಮಾತು. ಅವಳು ಭೀಮವ್ವನ ಮುಖವನ್ನೇ ನೋಡಿ, ಕಾಲು ಸರಿಸಿ ನಿಂತು, ಚೆಂಡನ್ನು ತಳ್ಳಿದಳು. ಚೆಂಡು ಎಡಕ್ಕೆ ಹೋಗುವಂತೆ ಮಾಡಿ, ಮನಸ್ಸು ಬದಲಾಯಿಸಿ, ಬಲಕ್ಕೆ ಬಾಗಿ, ಕುಳಿಯೊಳಗೆ ಟಕ್ ಎಂದಿತು.

ಆಮೇಲೆ ಏನಾಯಿತೆಂದು ಸರಿಯಾಗಿ ಹೇಳಲಾರೆ. ನಾನು ಯಾರನ್ನೋ ಅಪ್ಪಿಕೊಂಡು ಕುಣಿಯುತ್ತಿದ್ದೆ, ನೋಡಿದರೆ ಅದು ಕಂಪನಿಯ ದೊಡ್ಡ ಸಾಹೇಬರು. ರೂಬಿ ಬ್ಯಾಂಕ್ ಪರೀಕ್ಷೆಯ ಗೈಡನ್ನು ಎಸೆದದ್ದು ಶೆನಾಜ್‌ಳ ಕೈಗೆ ಸಿಕ್ಕಿತು. ಶೆನಾಜ್ ಸೋತವಳಾದರೂ ಎಲ್ಲರಿಗಿಂತ ಜೋರಾಗಿ ಸೀಟಿ ಹೊಡೆಯುತ್ತಿದ್ದಳು.

ಬಹುಮಾನದ ವೇದಿಕೆ ಸಿದ್ಧವಾಗಿತ್ತು. ರೂಬಿ ಭೀಮವ್ವನ ಎರಡೂ ಕೈ ಹಿಡಿದು, ನಿನಗೇನು ಬೇಕು ಎಂದು ನನ್ನಿಂದ ಕೇಳಿಸಿದಳು. ಭೀಮವ್ವ ನಾಚಿಕೊಂಡು, ನೆಲ ನೋಡುತ್ತ ಹೇಳಿದಳು.

"ನಾನೂ ಒಂದು ಹೊಡೀಲೇನ್ರಿ?"

ಆ ಮೈದಾನದ ಮಣ್ಣನ್ನೆಲ್ಲ ಹೊತ್ತವಳು ಅಲ್ಲಿ ಒಮ್ಮೆಯೂ ಚೆಂಡು ಹೊಡೆದಿರಲಿಲ್ಲ. ನಾನು ಸರ್ ಕಡೆ ನೋಡಿದೆ. ಅವರು ಗಡಿಯಾರ ನೋಡಿದರು, ವೇದಿಕೆಯ ಮೇಲೆ ಕಾಯುತ್ತಿದ್ದ ದೊಡ್ಡವರನ್ನು ನೋಡಿದರು, ಗಡಿಯಾರ ಬಿಚ್ಚಿ ಜೇಬಿಗೆ ಹಾಕಿಕೊಂಡರು.

ರೂಬಿ ಟೀ ಮೇಲೆ ಚೆಂಡು ಇಟ್ಟಳು. ಭೀಮವ್ವ ಕಚ್ಚೆ ಬಿಗಿದು, ಕೋಲನ್ನು ಗುದ್ದಲಿಯ ಹಾಗೆ ಹಿಡಿದು ಬೀಸಿದಳು. ಚೆಂಡು ಅಲ್ಲೇ ಇತ್ತು. ಎರಡನೆಯ ಸಲ ಹುಲ್ಲಿನ ಒಂದು ಹೆಂಟೆ ಹಾರಿತು. ಅವಳು ಹೋಗಿ ಅದನ್ನು ಎತ್ತಿ ತಂದು ಅದರ ಜಾಗದಲ್ಲಿಟ್ಟು ಪಾದದಿಂದ ಒತ್ತಿದಳು. ಮೂರನೆಯ ಸಲ ಸದ್ದು ಬಂತು ನೋಡಿ, ಕಟ್ಟಿಗೆ ಒಡೆದ ಸದ್ದು. ಚೆಂಡು ಕೆರೆ ದಾಟಿತು, ಮರ ದಾಟಿತು, ಬಂಡೆಗಳ ಆಚೆ ಎಲ್ಲೋ ಇಳಿಯಿತು.

"ಅಯ್ಯೋ ಶಿವನ! ಮಂದಿ ಚೆಂಡು ಕಳದ್ನಿ!" ಎಂದು ಭೀಮವ್ವ ಕೋಲು ಎಸೆದು ಓಡಿದಳು. ಇರಲಿ ಬಿಡು ಎಂದು ರೂಬಿ ಎಷ್ಟು ಕೂಗಿದರೂ ನಿಲ್ಲಲಿಲ್ಲ. ಅವಳ ಹಿಂದೆ ರೂಬಿ, ರೂಬಿಯ ಹಿಂದೆ ಶೆನಾಜ್, ಉಳಿದ ಹುಡುಗಿಯರು, ನಾಗಪುರದ ತಾಯಿ, ಕ್ಯಾಮೆರಾದವರು. ಕೊನೆಗೆ ದೊಡ್ಡ ಸಾಹೇಬರೂ ತಮ್ಮ ಹೊಸ ಪ್ಯಾಂಟಿನ ಮಂಡಿಯೂರಿ ಪೊದೆಯೊಳಗೆ ತಡಕಾಡುತ್ತಿದ್ದರು. ಭೀಮವ್ವ ಮಾತ್ರ ಬಂಡೆಯ ಮೇಲೆ ಹತ್ತಿ ನಿಂತು, "ನಾ ಅಷ್ಟು ದೂರ ಹೊಡದ್ನೇನ್ರಿ ಅಕ್ಕಾರ? ಖರೇನ?" ಎಂದು ಮತ್ತೆ ಮತ್ತೆ ಕೇಳುತ್ತಿದ್ದಳು. ಚೆಂಡು ಸಿಗಲಿಲ್ಲ.

ಬಹುಮಾನ ವಿತರಣೆ ನಲವತ್ತು ನಿಮಿಷ ತಡವಾಗಿ ಶುರುವಾಯಿತು. ಟೂರ್ನಮೆಂಟಿನ ವರದಿಯಲ್ಲಿ, ತಡಕ್ಕೆ ಕಾರಣ ಎಂಬ ಜಾಗದಲ್ಲಿ ಏನು ಬರೆಯಲಿ ಎಂದು ನಾನು ಸರ್ ಅವರನ್ನು ಕೇಳಿದೆ. ಅವರು ಪೆನ್ನು ಇಸಿದುಕೊಂಡು ತಾವೇ ಬರೆದರು: ಆಟ ನಡೆದಿತ್ತು.